ಫ್ಯಾರಡೆ ಚೀಲದೊಳಗೆ ಇಟ್ಟರೂ ಫೋನಿಗೆ ಕರೆ ಬರುತ್ತಿದೆ, ಎಲ್ಲಿ ತಪ್ಪುತ್ತಿದೆ?

ಮಲ್ಪೆ_ಲ್ಯಾಬ್: ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ವಾರಂಟ್ ಮೇಲೆ ಶೋಧಕ್ಕೆ ಹೋಗುವ ತಂಡಕ್ಕೆ ಆಗಾಗ ತಾಂತ್ರಿಕ ಸಹಾಯ ಮಾಡುವುದಿದೆ. ಇವತ್ತು ಕಿಟ್ ಪರೀಕ್ಷೆ ಮಾಡುತ್ತಿದ್ದೆ. ನನ್ನ ಫೋನನ್ನು ಫ್ಯಾರಡೆ ಚೀಲದೊಳಗೆ (ಸಿಗ್ನಲ್ ತಡೆಯುವ, ಲೋಹದ ಎಳೆಯ ಚೀಲ) ಹಾಕಿ ಕರೆ ಮಾಡಿದರೆ ರಿಂಗ್ ಆಗುತ್ತಿದೆ. ಜಪ್ತಿ ಮಾಡಿದ ಫೋನನ್ನು ಸ್ವಿಚ್ ಆಫ್ ಮಾಡಿಯೇ ಚೀಲಕ್ಕೆ ಹಾಕಿದರೆ ಸಾಲದಾ?

ಪಣಂಬೂರು_ಬೈಟ್ಸ್: ಆಫ್ ಮಾಡಬೇಡಿ ಮಾರಾಯ್ರೆ. ಆನ್ ಮಾಡಿದ ಮೇಲೆ ಒಮ್ಮೆಯಾದರೂ ಲಾಕ್ ತೆಗೆದು ಬಳಸಿದ ಫೋನ್ ಆಫ್ ಆಗದೆ ಹಾಗೇ ಇದ್ದರೆ, ಡೇಟಾ ತೆರೆಯುವ ಕೀಲಿಗಳಲ್ಲಿ ಹೆಚ್ಚಿನವು ಮೆಮೊರಿಯಲ್ಲೇ ಇರುತ್ತವೆ. ಆಫ್ ಆಯಿತೆಂದರೆ ಅವು ಹೋದವು. ಆಮೇಲೆ ಪಾಸ್‌ಕೋಡ್ ಇಲ್ಲದೆ ಲ್ಯಾಬಿನವರಿಗೆ ಸಿಗುವುದು ತುಂಬಾ ಕಮ್ಮಿ. ಹಾಗೆಂದು ನೆಟ್‌ವರ್ಕಿಗೆ ಬಿಟ್ಟರೆ ಯಾರಾದರೂ ದೂರದಿಂದಲೇ ಎಲ್ಲ ಅಳಿಸಿಬಿಡಬಹುದು. ಅದಕ್ಕೇ ಚೀಲ. ಒಂದು ಕೇಳಲಾ, ಚಾರ್ಜ್ ಹೇಗೆ ಕೊಡುತ್ತಿದ್ದೀರಿ?

ಮಲ್ಪೆ_ಲ್ಯಾಬ್: ಪವರ್ ಬ್ಯಾಂಕ್ ಹೊರಗಿದೆ. ಕೇಬಲ್ ಚೀಲದ ಬಾಯಿಯಿಂದ ಒಳಗೆ ಹೋಗಿದೆ.

ಪಣಂಬೂರು_ಬೈಟ್ಸ್: ಅಲ್ಲೇ ಇದೆ ನೋಡಿ! ಆ ಕೇಬಲ್ ಆಂಟೆನಾ ಆಗಿ ಸಿಗ್ನಲನ್ನು ಒಳಗೆ ತರುತ್ತದೆ, ಬಾಯಿಯೂ ಪೂರ್ತಿ ಮುಚ್ಚುವುದಿಲ್ಲ. ಪವರ್ ಬ್ಯಾಂಕನ್ನೂ ಫೋನ್ ಜೊತೆ ಒಳಗೇ ಹಾಕಿ. ಚಾರ್ಜ್ ಬೇಕೇ ಬೇಕು, ಯಾಕೆಂದರೆ ಸಿಗ್ನಲ್ ಸಿಗದ ಫೋನ್ ಟವರ್ ಹುಡುಕುತ್ತಲೇ ಇದ್ದು ಬ್ಯಾಟರಿ ಬೇಗ ಖಾಲಿ ಮಾಡುತ್ತದೆ. ಉಡುಪಿಯಿಂದ ಮಂಗಳೂರಿನ ಪ್ರಾದೇಶಿಕ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಮುಟ್ಟಿದರೂ ಅಲ್ಲಿ ಸರದಿ ಬರುವವರೆಗೆ ಫೋನ್ ಜೀವಂತ ಇರಬೇಕಲ್ವಾ? ಬಾಯಿಯನ್ನು ಎರಡು ಸಲ ಮಡಚಿ. ಪರೀಕ್ಷೆಯನ್ನು ಲ್ಯಾಬಿನ ಮೂಲೆಯಲ್ಲಿ ಮಾಡಬೇಡಿ, ಟವರ್ ಹತ್ತಿರ ಹೋಗಿ ಮಾಡಿ. ಕರೆ ಬರದಿದ್ದರೆ ಸಾಲದು, ವೈಫೈ, ಬ್ಲೂಟೂತ್ ಕೂಡ ನೋಡಿ.

ಕದ್ರಿ_ವಕೀಲ: ಇದಕ್ಕೆ ಕೋರ್ಟಿನ ಮಾತೂ ಇದೆ. 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟೇ ಹೇಳಿದೆ: ಫೋನ್ ಆನ್ ಇದ್ದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾರಡೆ ಚೀಲದಲ್ಲಿಡಿ, ಚಾರ್ಜ್ ಇಳಿಯಲು ಬಿಡಬೇಡಿ. ಜೊತೆಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಂ ಪ್ರಕಾರ ಶೋಧ, ಜಪ್ತಿ, ಪಟ್ಟಿಗೆ ಸಾಕ್ಷಿಗಳ ಸಹಿ, ಎಲ್ಲವೂ ವಿಡಿಯೋ ಆಗಬೇಕು. ನೀವು ಏರೋಪ್ಲೇನ್ ಮೋಡ್ ಒತ್ತಿದ್ದೂ ಆ ವಿಡಿಯೋದಲ್ಲಿ ಕಾಣಲಿ. ಗಂಟೆ ಎಷ್ಟೆಂದು ಬಾಯಿಬಿಟ್ಟು ಹೇಳಿ. ಪಂಚನಾಮೆಯಲ್ಲಿ ಬರೆಸಿ. ‘ಫೋನ್ ಮುಟ್ಟಿ ಏನೋ ಬದಲಾಯಿಸಿದ್ದಾರೆ’ ಎಂದು ನಾಳೆ ಎದುರಿನ ವಕೀಲರು ಕೇಳಿದರೆ ಇದೇ ಉತ್ತರ. ಆರೋಪಿಯ ಹಕ್ಕು ಕಾಯುವುದೂ ಇದೇ.

ಮಲ್ಪೆ_ಲ್ಯಾಬ್: ಧನ್ಯವಾದ ಸರ್. ಹ್ಯಾಶ್, ಅಂದರೆ ಡೇಟಾ ಬದಲಾಗಿಲ್ಲ ಎಂದು ತೋರಿಸುವ ಬೆರಳಚ್ಚಿನಂಥ ಸಂಖ್ಯೆ, ಅದನ್ನು ಶೋಧದ ಜಾಗದಲ್ಲೇ ತೆಗೆಯಬೇಕಾ?

ಪಣಂಬೂರು_ಬೈಟ್ಸ್: ಆನ್ ಇರುವ ಫೋನಿನೊಳಗೆ ಪ್ರತಿಕ್ಷಣ ಏನಾದರೂ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಇಡೀ ಫೋನಿನ ಹ್ಯಾಶ್ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ. ಲ್ಯಾಬಿನಲ್ಲಿ ಫೋನಿನ ಡೇಟಾದ ಕಾಪಿ ತೆಗೆದ ತಕ್ಷಣ ಆ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆಯುತ್ತಾರೆ.

ಕದ್ರಿ_ವಕೀಲ: ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ) 63ನೇ ಕಲಂನ ಪ್ರಮಾಣಪತ್ರದಲ್ಲಿ ತುಂಬಬೇಕಾದದ್ದೂ ಅಂಥ ಹ್ಯಾಶ್ ಬೆಲೆಯನ್ನೇ.

ಮಲ್ಪೆ_ಲ್ಯಾಬ್: ಪವರ್ ಬ್ಯಾಂಕ್ ಒಳಗೆ ಹಾಕಿ, ಬಾಯಿ ಎರಡು ಸಲ ಮಡಚಿ ಟವರ್ ಕೆಳಗೇ ನೋಡಿದೆ. ಕರೆ ನಿಂತಿದೆ. ಬ್ಲೂಟೂತ್ ಮಾತ್ರ ತೀರಾ ಹತ್ತಿರದಲ್ಲಿ ಇನ್ನೂ ಸಿಗುತ್ತಿದೆ.

ಪಣಂಬೂರು_ಬೈಟ್ಸ್: ಹಾಗಾದರೆ ಹೊಲಿಗೆಯ ಹತ್ತಿರ ಬಟ್ಟೆ ಸವೆದಿರಬೇಕು. ಮಡಚಿ ಮಡಚಿ ಒಳಗಿನ ಲೋಹದ ಎಳೆ ತುಂಡಾಗುತ್ತದೆ. ಆ ಚೀಲವನ್ನು ಕಿಟ್‌ನಿಂದ ತೆಗೆದುಬಿಡಿ, ಹೊಸದು ತರಿಸಿ. ಬಂದದ್ದನ್ನೂ ಹೀಗೇ ಪರೀಕ್ಷಿಸಿಯೇ ಒಯ್ಯಿರಿ.