ಕಲ್ಲಿನ ತಲೆಗೆ ವಯಸ್ಸೆಷ್ಟು? ಈ ವಾರದ ಪ್ರಶ್ನೋತ್ತರ

ಶುಭಾ, ಹ್ಯಾಲಿಫ್ಯಾಕ್ಸ್: ನಮಸ್ತೆ ಮೇಡಂ. ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹಳೇ ಮನೆ ತಗೊಂಡಿದ್ದೇವೆ. ಹಿತ್ತಲ ಗೋಡೆಯಲ್ಲಿ ಒಂದು ಕಲ್ಲಿನ ತಲೆ ಇದೆ. ಬಾದಾಮಿ ಕಣ್ಣು, ಉದ್ದ ಮೂಗು, ಬಾಯಿ ಬರೀ ಒಂದು ಗೀರು. ಪಕ್ಕದ ಮನೆಯವರು ಇದು ಕೆಲ್ಟರ (ರೋಮನ್ನರು ಬರೋ ಮುಂಚೆ ಇಲ್ಲಿದ್ದ ಜನ) ಕಾಲದ್ದು, 2000 ವರ್ಷ ಹಳೆಯದು ಅಂತಾರೆ. ಮುಂದಿನ ವಾರ ಗೋಡೆ ರಿಪೇರಿ ಇದೆ. ತೆಗೆಸಿ ಒಳಗಿಡಲಾ?

ಮಂಜು: ಕಾರ್ಬನ್ ಡೇಟಿಂಗ್ ಮಾಡಿಸಿ, ಗೊತ್ತಾಗುತ್ತೆ.

ಸುಮಂಗಲಾ (ಶಿಲ್ಪ ಸಂರಕ್ಷಕಿ): ಶುಭಾ, ಮೊದಲು ಮೇಸ್ತ್ರಿಗೆ ಫೋನ್ ಮಾಡಿ ಆ ಜಾಗ ಮುಟ್ಟಬೇಡಿ ಅಂತ ಹೇಳಿ. ಆ ತಲೆ ಗೋಡೆ ಕಟ್ಟುವಾಗಲೇ ಕೂತದ್ದೋ, ಆಮೇಲೆ ತುರುಕಿದ್ದೋ ಅನ್ನೋದು ಸುತ್ತಲ ಗಾರೆ ನೋಡಿದರೆ ತಿಳಿಯಬಹುದು. ಕಿತ್ತರೆ ಆ ಸುಳಿವೂ ಹೋಯ್ತು. ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಕೌನ್ಸಿಲ್ ಒಪ್ಪಿಗೆ ಇಲ್ಲದೆ ತೆಗೆಯುವ ಹಾಗೂ ಇಲ್ಲ.

ಇನ್ನು 2000 ವರ್ಷದ ಮಾತು. ನಿಮ್ಮ ಸೀಮೆಯಲ್ಲಿ ಇಂಥ ತಲೆಗಳು ನೂರಾರು ಇವೆ. ಬ್ರಾಡ್‌ಫರ್ಡ್ ಮ್ಯೂಸಿಯಮ್ಮಿನ ಸಿಡ್ನಿ ಜಾಕ್ಸನ್ ಅವುಗಳನ್ನು ಹುಡುಕಿ ದಾಖಲಿಸಿದರು. ಆಗ ಎಲ್ಲವನ್ನೂ ಕೆಲ್ಟಿಕ್ ಅನ್ನುವ ಹುಮ್ಮಸ್ಸು ಜಾಸ್ತಿ ಇತ್ತು. ಆದರೆ ಬಾಗಿಲು, ಬಾವಿ, ಸೇತುವೆ ಮೇಲೆ ತಲೆ ಕೆತ್ತಿಡೋದು 17, 18ನೇ ಶತಮಾನದಲ್ಲೂ ನಡೆದಿತ್ತು. ಹೆಚ್ಚು ಪಳಗದ ಕೈ ಯಾವ ಕಾಲದಲ್ಲಿ ಮುಖ ಕೆತ್ತಿದರೂ ನೀವು ಹೇಳಿದ ಹಾಗೇ ಬರುತ್ತೆ. ಹಾಗಾಗಿ ಕಣ್ಣು, ಮೂಗು ನೋಡಿ ಕಾಲ ಹೇಳೋರನ್ನು ನಂಬಬೇಡಿ.

ಹೊಯ್ಸಳರ ತಲೆ ಸಿಕ್ಕರೆ ನನಗೆ ಆಧಾರ ಇದೆ. ಬೇಲೂರಿಗೆ 1117ರ ಶಾಸನ ಇದೆ, ಅಲ್ಲಿನ ಕಿರೀಟ, ಓಲೆ ಜೊತೆ ಹೋಲಿಸಬಹುದು. ನಿಮ್ಮ ತಲೆಗೆ ಕಿರೀಟವೂ ಇಲ್ಲ, ಓಲೆಯೂ ಇಲ್ಲ. ಝೆಕ್ ದೇಶದಲ್ಲಿ 1943ರಲ್ಲಿ ಸಿಕ್ಕ ಮೀಸೆಯ ತಲೆಯನ್ನು ಕ್ರಿಸ್ತಪೂರ್ವದ್ದು ಅಂತ ಒಪ್ಪುತ್ತಾರೆ. ಅದರ ಕೊರಳಲ್ಲಿ ಆ ಕಾಲದ ಕಂಠಪಟ್ಟಿ ಇದೆ, ಸಿಕ್ಕ ಜಾಗವೂ ಗೊತ್ತು.

ಹತ್ತಿರದಿಂದ, ಪಕ್ಕದಿಂದ ಬೆಳಕು ಬೀಳುವ ಹಾಗೆ ಫೋಟೋ ತೆಗೆಯಿರಿ. ಉಳಿ ಗುರುತು ಕಾಣಬೇಕು. ಗಾರೆಯದ್ದೂ ಬೇಕು. ಆ ಊರಿನ ಪುರಾತತ್ವ ಅಧಿಕಾರಿಗೂ ಕಳಿಸಿ.

ಮಂಜು, ಕಲ್ಲಿಗೆ ಕಾರ್ಬನ್ ಡೇಟಿಂಗ್ ಆಗಲ್ಲ. ಅದು ಜೀವ ಇದ್ದ ವಸ್ತುವಿಗೆ.

ರಾಘು: ಫಾರ್ವರ್ಡ್ ಬಂದಿದೆ: ‘ನಿಂಬೆರಸ ಹಾಕಿ, ನೊರೆ ಬಂದರೆ ಪುರಾತನ ಕಲ್ಲು. ಆಮೇಲೆ ವೈರ್ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಹಚ್ಚಿ.’

ಸುಮಂಗಲಾ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ನೊರೆ ಬಂದರೆ ಕಲ್ಲಲ್ಲಿ ಸುಣ್ಣದ ಅಂಶ ಇದೆ ಅಂತ ಅಷ್ಟೇ. ಹಳೇ ಸಿಮೆಂಟ್ ತೊಟ್ಟಿಯಲ್ಲೂ ಬರಬಹುದು. ಯಾರ್ಕ್‌ಶೈರಿನ ಒರಟು ಮರಳುಗಲ್ಲಿಗೆ ಹಾಕಿದರೆ, ಅದು ರೋಮನ್ನರ ಕಾಲದ್ದೇ ಇದ್ದರೂ ಸುಮ್ನೆ ಇರುತ್ತೆ. ವೈರ್ ಬ್ರಷ್ ಉಳಿ ಗುರುತನ್ನೇ ಅಳಿಸುತ್ತೆ. ಹಳೇ ಬಣ್ಣದ ಚೂರು ಉಳಿದಿದ್ದರೆ ಅದೂ ಹೋಯ್ತು. ಎಣ್ಣೆ ಧೂಳು ಹಿಡಿಯುತ್ತೆ, ಬಿಡಿಸೋದು ಕಷ್ಟ. ಇಂಥದ್ದು ಕಳಿಸುವ ಮುಂಚೆ ಒಂದು ನಿಮಿಷ ಯೋಚಿಸಿ.

ಕಾವ್ಯ: ಪಾಚಿ, ಕಲ್ಲುಹೂವು ದಪ್ಪ ಇದ್ದರೆ ಹಳೆಯದು ಅಲ್ವಾ ಮೇಡಂ?

ಸುಮಂಗಲಾ: ಅಲ್ಲ. ನೆರಳು, ತೇವ ಇದ್ದಲ್ಲಿ ಬೇಗ ಬೆಳೆಯುತ್ತೆ.

ಬಸವರಾಜ್: ಐರ್ಲೆಂಡಿನ ಕಾರ್ಲೆಕ್‌ನಲ್ಲಿ ಸಿಕ್ಕ ಹಳೇ ಕಲ್ಲಿನ ತಲೆಗೆ ಮೂರು ಮುಖ. ಅದು ನಮ್ಮ ತ್ರಿಮೂರ್ತಿನೇ. ಇಲ್ಲಿಂದಲೇ ಹೋಗಿದ್ದು.

ನಂದಿನಿ: ಮೂರು ಮುಖ ಇದ್ದಿದ್ದೆಲ್ಲ ನಮ್ಮದಾ ಸರ್? ಆಧಾರ ಕೊಡಿ.

ಬಸವರಾಜ್: ಕಣ್ಣಿದ್ದೋರಿಗೆ ಕಾಣುತ್ತೆ. ನಿಮಗೆ ನಮ್ಮದು ಅಂದ್ರೆ ಅಲರ್ಜಿ.

ನಂದಿನಿ: ಆಧಾರ ಕೇಳಿದರೆ ಅಲರ್ಜಿನಾ!

ರಾಘು: ಇಬ್ಬರೂ ಸ್ವಲ್ಪ ತಣ್ಣಗಾಗಿ.

ನಂದಿನಿ: ನೀವು ಮೊದಲು ನಿಂಬೆಹಣ್ಣು ಕೆಳಗಿಡಿ.

ಸುಮಂಗಲಾ: ಬಸವರಾಜ್, ಹೋಲಿಕೆ ಕಂಡರೆ ಸಾಗಣೆ ಆಗಿದೆ ಅಂತಲ್ಲ. ಉತ್ತರ ಇಂಗ್ಲೆಂಡಿನ ಹೆಕ್ಸ್‌ಹ್ಯಾಮ್ ಊರಿನ ಕಥೆ ಕೇಳಿ. 1970ರ ದಶಕದ ಆರಂಭದಲ್ಲಿ ಅಲ್ಲಿ ಹುಡುಗರಿಗೆ ತೋಟದಲ್ಲಿ ಎರಡು ಪುಟ್ಟ ತಲೆ ಸಿಕ್ಕವು. ಕೆಲ್ಟಿಕ್ ವಿಷಯದ ಹೆಸರಾಂತ ವಿದ್ವಾಂಸೆ ಆನ್ ರಾಸ್ ಅವೂ ಕೆಲ್ಟರ ಕಾಲದ್ದೇ ಅಂದರು. ಆಮೇಲೆ ಹಿಂದೆ ಆ ಮನೆಯಲ್ಲಿದ್ದವರೊಬ್ಬರು ಬಂದು, 1956ರಲ್ಲಿ ಮಗಳಿಗೆ ಆಡೋಕೆ ಕಾಂಕ್ರೀಟಿನಲ್ಲಿ ನಾನೇ ಮಾಡಿದ್ದು ಅಂದರು. ಅಷ್ಟು ಓದಿದವರೇ ಹಾಗೆ ಹೇಳಿದ ಮೇಲೆ ನೀವು ಫೋಟೋ ನೋಡಿ ತೀರ್ಪು ಕೊಡ್ತೀರಾ?

ಬಸವರಾಜ್: ಆ ಮಾತೇ ಸುಳ್ಳಿರಬಹುದು.

ಮಹೇಶ್, ಹಾವೇರಿ: ಮೇಡಂ, ಹೊಲ ಉಳುವಾಗ ಮೂಗು ಮುರಿದ ಕಲ್ಲಿನ ತಲೆ ಸಿಕ್ಕಿದೆ. ಒಬ್ಬರು ಕೊಂಡುಕೊಳ್ಳೋಕೆ ಬಂದಿದ್ದಾರೆ. ಕೊಡಬಹುದಾ?

ಸುಮಂಗಲಾ: ಕೊಡಬೇಡಿ. ಮಣ್ಣಲ್ಲಿ ಸಿಕ್ಕ ನಿಧಿಯ ಬಗ್ಗೆ ಕರ್ನಾಟಕದ 1962ರ ಕಾಯ್ದೆ ಇದೆ, ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಕಾಯ್ದೆ ಇದೆ. ಸಿಕ್ಕ ಜಾಗ ಗುರುತು ಮಾಡಿ, ಮತ್ತೆ ಅಗೆಯಬೇಡಿ. ಇವತ್ತೇ ತಹಶೀಲ್ದಾರರಿಗೆ ಬರೆದು ಕೊಡಿ. ಕೊಳ್ಳೋಕೆ ಬಂದವರನ್ನು ಮನೆಗೆ ಸೇರಿಸಬೇಡಿ.

ಪ್ರಸಾದ್: ಇಂಥ ತಲೆಗೆ ಮಾರ್ಕೆಟ್‌ನಲ್ಲಿ ಎಷ್ಟು ಬರುತ್ತೆ?

ಗೀತಾ: ಕಾರ್ಬನ್ ಡೇಟಿಂಗ್‌ಗೆ ಬೆಂಗಳೂರಲ್ಲಿ ಎಲ್ಲಿ ಕೊಡಬೇಕು ಮೇಡಂ?

ಸುಮಂಗಲಾ: ಮೇಲೆ ಓದಿ.

ಶುಭಾ, ಹ್ಯಾಲಿಫ್ಯಾಕ್ಸ್: ಮೇಸ್ತ್ರಿಗೆ ಹೇಳಿದ್ದೇನೆ ಮೇಡಂ. ಫೋಟೋ ನಾಳೆ ಹಾಕ್ತೀನಿ, ಇವತ್ತು ಮಳೆ.

ರಾಘು: ವಿನೆಗರ್ ಆದ್ರೂ ಹಾಕಬಹುದಾ?