ಕೇಡೆನ್ಸ್ ರಾಜಕುಮಾರಿ ಕತೆಯೊಳಗೆ ಎಂತಕ್ಕೆ ಇರೋದು?

ಕುಂಬಳೆಕೋಟೆ (ಪ್ರಶ್ನೆ):

‘ಮೈ ಲಿಟಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್’ ಪೂರ್ತಿ ನೋಡಿದವರು ಇಲ್ಲಿದ್ದೀರಿ ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೇನೆ. 2010ರಿಂದ 2019ರವರೆಗೆ 9 ಸೀಸನ್ ಬಂದ, ಮಾತಾಡುವ ಪುಟ್ಟ ಕುದುರೆಗಳ ಈ ಕಾರ್ಟೂನಿನಲ್ಲಿ ಕೇಡೆನ್ಸ್ ರಾಜಕುಮಾರಿಯ ಕೆಲಸ ಎಂತ?

ಸೆಲೆಸ್ಟಿಯಾ ಸೂರ್ಯನನ್ನು ಏಳಿಸ್ತಾಳೆ, ಲೂನಾ ಚಂದ್ರನನ್ನು. ಟ್ವೈಲೈಟ್ ಕತೆಯ ನಾಯಕಿ. ಕೇಡೆನ್ಸ್ ಪ್ರೀತಿಯ ರಾಜಕುಮಾರಿ, ಕ್ರಿಸ್ಟಲ್ ಎಂಪೈರ್ ಆಳುವವಳು, ಟ್ವೈಲೈಟಿಗೆ ಅತ್ತಿಗೆ, ಚಿಕ್ಕಂದಿನಲ್ಲಿ ಅವಳನ್ನು ನೋಡಿಕೊಂಡವಳೂ ಹೌದು. ಕಿರೀಟ ಉಂಟು, ಕೋಡು ಉಂಟು, ರೆಕ್ಕೆ ಉಂಟು. ಆದರೆ ಅವಳಿಗೆ ಏನು ಬೇಕು, ಯಾವುದಕ್ಕೆ ಸಿಟ್ಟು ಬರ್ತದೆ, ಯಾವುದಕ್ಕೆ ಹೆದರ್ತಾಳೆ ಅಂತ ಕೇಳಿದರೆ ಉತ್ತರವೇ ಹೊಳೆಯುವುದಿಲ್ಲ. ಬೊಂಬೆ ಮಾರಲಿಕ್ಕೆ ಇಟ್ಟ ಪಾತ್ರ ಅಂತ ಕೆಲವರು ಹೇಳ್ತಾರೆ. ಅಷ್ಟೇ ಕಾರಣ ಅಂತ ನನಗೆ ಅನಿಸುವುದಿಲ್ಲ.

ಕೇಳುವುದಕ್ಕೆ ಒಂದು ಕೆಲಸದ ಕಾರಣವೂ ಉಂಟು. ಕನ್ನಡ ಮಾಧ್ಯಮದ 5ರಿಂದ 7ನೇ ಕ್ಲಾಸಿನ ಮಕ್ಕಳಿಗೆ ವಾರ್ಷಿಕೋತ್ಸವಕ್ಕೆ 25 ನಿಮಿಷದ ನಾಟಕ ತಯಾರಾಗ್ತಾ ಉಂಟು. ಅದರಲ್ಲೂ ಊರನ್ನು ಮಂತ್ರದಿಂದ ಕಾಯುವ ಒಬ್ಬಳು ರಾಣಿ. ಎರಡನೇ ಕರಡಿನಲ್ಲಿಯೂ ಅವಳು ಸಿಂಹಾಸನದ ಮೇಲೆ ಕೂತೇ ಇದ್ದಾಳೆ, ಕತೆಯೆಲ್ಲ ಮಕ್ಕಳ ಪಾತ್ರಗಳದ್ದು. ಕೇಡೆನ್ಸ್ ಎಲ್ಲಿ ಸೊರಗಿದಳು ಅಂತ ಗೊತ್ತಾದರೆ ನಮ್ಮ ರಾಣಿಯನ್ನು ಸರಿ ಮಾಡಬಹುದು.

ಪೆರ್ಲಪದವು:

ಅವಳಿಗೆ ಪದ್ಯ ಉಂಟು, ಅರ್ಥ ಇಲ್ಲ. ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುವವರಿಗೆ ಇಷ್ಟರಲ್ಲೇ ವಿಷಯ ತಿಳಿದೀತು. ಭಾಗವತರು ಹಾಡುವುದು ಪದ್ಯ, ಪಾತ್ರ ವಹಿಸಿದವರು ಅದರ ಮೇಲೆ ಆಡುವ ಮಾತು ಅರ್ಥ. ಪದ್ಯದಿಂದ ಕತೆ ಮುಂದೆ ಹೋಗ್ತದೆ, ಪಾತ್ರ ಬೆಳೆಯುವುದು ಅರ್ಥದಲ್ಲಿ. ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ ಎಂದು ವಾಲಿ ಕೇಳುವಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ನೆಲಕ್ಕೆ ಬಿದ್ದ ಕಪಿಯನ್ನು ಇಡೀ ಪ್ರಸಂಗದ ನಡುಮಧ್ಯಕ್ಕೆ ತಂದು ಕೂರಿಸಿದ್ದು ಹಾಗೆ. ಕೇಡೆನ್ಸ್‌ಗೆ ಆ ಜಾಗವನ್ನೇ ಬಿಟ್ಟುಕೊಡಲಿಲ್ಲ.

ತೊಂದರೆ ಮೊದಲ ಪ್ರವೇಶದಲ್ಲೇ ಶುರುವಾಯ್ತು. ಅವಳು ಬರುವುದು ಎರಡನೇ ಸೀಸನ್ನಿನ ಕೊನೆಯ ಎರಡು ಎಪಿಸೋಡಿನಲ್ಲಿ, 2012ರ ಏಪ್ರಿಲ್ 21ಕ್ಕೆ ಪ್ರಸಾರ ಆದದ್ದು. ಮದುವೆಯ ಸಡಗರದಲ್ಲಿ ನಾವು ನೋಡುವವಳು ಕೇಡೆನ್ಸ್ ಅಲ್ಲ, ಅವಳ ರೂಪ ತೊಟ್ಟ ಕ್ರಿಸಾಲಿಸ್, ರೂಪ ಬದಲಿಸುವ ಚೇಂಜ್‌ಲಿಂಗ್‌ಗಳ ರಾಣಿ. ನಿಜವಾದವಳು ಗುಹೆಯಲ್ಲಿ ಬಂದಿ. ಮೊದಲ 22 ನಿಮಿಷದಲ್ಲಿ ಟ್ವೈಲೈಟಿನ ನೆನಪಿನ ತುಣುಕು ಬಿಟ್ಟರೆ ಅಸಲಿ ಕೇಡೆನ್ಸ್ ಇಲ್ಲವೇ ಇಲ್ಲ. ನಮ್ಮ ಪಂಚವಟಿ ಪ್ರಸಂಗಕ್ಕೆ ಹೋಲಿಸಿ ನೋಡಿ. ಘೋರ ಶೂರ್ಪನಖಿ ಹೆಣ್ಣುಬಣ್ಣದ (ರಾಕ್ಷಸಿಯ) ವೇಷದಲ್ಲಿ ಅಬ್ಬರಿಸಿ, ರೂಪ ಬದಲಿಸುವ ನಿರ್ಧಾರ ಹೇಳಿ ಹೋದ ಮೇಲೆ ಮಾಯಾ ಶೂರ್ಪನಖಿಯ ಸ್ತ್ರೀವೇಷ ಬರ್ತದೆ. ಮೋಸ ಯಾರದ್ದು ಅಂತ ಸಭೆಗೆ ಗೊತ್ತು, ರಾಮನ ಎದುರು ಅವಳು ಆಡುವ ಒಂದೊಂದು ಮಾತಿಗೂ ಎರಡು ರುಚಿ. ಕಾರ್ಟೂನಿನಲ್ಲಿ ಅದನ್ನು ಮುಚ್ಚಿಟ್ಟರು. ಅಚ್ಚರಿ ಚೆನ್ನಾಗಿ ಬಂತು, ಸುಳ್ಳಲ್ಲ. ಆದರೆ ಆ ಅಚ್ಚರಿಗೆ ಬೆಲೆ ತೆತ್ತವಳು ನಿಜವಾದ ಕೇಡೆನ್ಸ್. ಗುಹೆಯಿಂದ ಹೊರಬಂದ ಮೇಲೆ ಅವಳಿಗೆ ಉಳಿದ ಸಮಯವೆಲ್ಲ ಓಟಕ್ಕೂ ಮದುವೆಗೂ ಆಯ್ತು. ಇಬ್ಬರೂ ಸರದಿಯಲ್ಲಿ ಹಾಡುವ ಹಾಡಿನಲ್ಲಿ ಕೂಡ ಖಳನಾಯಕಿಯ ಆಸೆಯೇ ಗಟ್ಟಿ, ನಾಯಕಿಗೆ ಬೇಕಾದ್ದು ಮದುಮಗ ಕೈತಪ್ಪಬಾರದು ಅನ್ನುವುದು ಮಾತ್ರ.

ಎಪಿಸೋಡ್ ಕಡಿಮೆ ಆದದ್ದರಿಂದ ಹೀಗಾಯ್ತು ಅಂತ ಹೇಳುವ ಹಾಗಿಲ್ಲ. ಲೂನಾಳನ್ನು ನೋಡಿ. ಮೊದಲ ಕತೆಯಲ್ಲಿ ನೈಟ್‌ಮೇರ್ ಮೂನ್ ಎಂಬ ಅವಳ ಕೆಟ್ಟ ರೂಪ ಸೋತು ಮತ್ತೆ ಲೂನಾ ಆದ ಮೇಲೆ ಅವಳಿಗೆ ಸಿಕ್ಕಿದ್ದು ಅಕ್ಕನ ಹತ್ತಿರ ಕ್ಷಮೆ ಕೇಳುವ ಮಾತು ಮಾತ್ರ. ಎರಡನೇ ಸೀಸನ್ನಿನ 4ನೇ ಎಪಿಸೋಡಿನಲ್ಲಿ ಅವಳಿಗೊಂದು ಆಸೆ ಕೊಟ್ಟರು: ಊರವರು ತನಗೆ ಹೆದರಬಾರದು. ಒಂದು ದೋಷವನ್ನೂ ಕೊಟ್ಟರು: ಸಾವಿರ ವರ್ಷ ಹಳೆಯ ಅರಮನೆ ಶೈಲಿಯಲ್ಲಿ ಗುಡುಗಿ ಮಾತಾಡುವುದು. ಹತ್ತಿರ ಹೋದಷ್ಟೂ ಮಕ್ಕಳು ಓಡಿಹೋಗ್ತಾರೆ, ಅವಳಿಗೆ ಸಿಟ್ಟು ನೆತ್ತಿಗೇರಿ ಹಬ್ಬವನ್ನೇ ರದ್ದು ಮಾಡ್ತಾಳೆ, ಆಮೇಲೆ ಹೆದರಿಕೆಯೂ ಮಕ್ಕಳಿಗೆ ಒಂದು ಆಟ ಅಂತ ಅರ್ಥವಾಗ್ತದೆ. 22 ನಿಮಿಷದಲ್ಲಿ ಆಸೆ, ತಪ್ಪು, ನಿರ್ಧಾರ, ಬದಲಾವಣೆ ಎಲ್ಲ ಆಯ್ತು. ಕೇಡೆನ್ಸ್‌ಗೆ ಅಂಥ ಒಂದು ಸಂಜೆ 9 ಸೀಸನ್ನಿನಲ್ಲಿ ಸಿಗಲಿಲ್ಲ.

ಇನ್ನೊಂದು, ಮಕ್ಕಳ ಕತೆಯಲ್ಲಿ ಶಕ್ತಿಯುಳ್ಳ ದೊಡ್ಡವರು ಯಾವಾಗಲೂ ಬರೆಯುವವರಿಗೆ ತಲೆನೋವು. ಅವರೇ ಎಲ್ಲ ಪರಿಹರಿಸಿದರೆ ಮಕ್ಕಳ ಪಾತ್ರಗಳಿಗೆ ಕೆಲಸ ಉಳಿಯುವುದಿಲ್ಲ, ಹಾಗಾಗಿ ದೊಡ್ಡವರನ್ನು ಬದಿಗೆ ಸರಿಸಬೇಕು. ಕೇಡೆನ್ಸ್‌ಳನ್ನು ಸರಿಸಿದ ಸಲ ಎಣಿಸಿ: ಮದುವೆ ಕತೆಯಲ್ಲಿ ಗುಹೆ, ಮೂರನೇ ಸೀಸನ್ ಆರಂಭದಲ್ಲಿ ನಿದ್ದೆ ಇಲ್ಲದೆ ರಕ್ಷಣಾಕವಚ ಹಿಡಿದು ಸುಸ್ತು, ನಾಲ್ಕನೇ ಸೀಸನ್ ಕೊನೆಗೆ ಟಾರ್ಟರಸ್ ಎಂಬ ಸೆರೆಮನೆ, ಆರನೇ ಸೀಸನ್ ಕೊನೆಗೆ ಮತ್ತೆ ಕ್ರಿಸಾಲಿಸ್ ಕೈಯಲ್ಲಿ ಸೆರೆ, 2017ರ ಸಿನಿಮಾದಲ್ಲಿ ಶುರುವಿಗೇ ಕಲ್ಲು. ಸರಿಸುವುದು ತಪ್ಪಲ್ಲ. ಪ್ರತಿ ಸಲವೂ ಬೇರೆಯವರು ಸರಿಸಿದ್ದು ತಪ್ಪು.

ಚಂದ್ರಗಿರಿತೀರ:

ಬೊಂಬೆಯ ಮಾತು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಹ್ಯಾಸ್‌ಬ್ರೋ ಆಟಿಕೆ ಕಂಪನಿ, ಕಾರ್ಟೂನ್ ಅದರದ್ದೇ. ಸೆಲೆಸ್ಟಿಯಾಳನ್ನು ರಾಣಿ ಮಾಡಬೇಕು ಅಂತ ಲಾರೆನ್ ಫೌಸ್ಟ್ ಮೊದಲು ಯೋಚಿಸಿದ್ದು. ಕಾರ್ಟೂನ್ ಸಿನಿಮಾಗಳಿಂದಾಗಿ ರಾಣಿ ಅಂದರೆ ಕೆಟ್ಟವಳು ಅಂತ ಮಕ್ಕಳ ಮನಸ್ಸಿನಲ್ಲಿ ಕೂತಿದೆ ಎಂಬ ಕಾರಣಕ್ಕೆ ಅವಳು ರಾಜಕುಮಾರಿ ಆದಳು. ಕೊನೆಗೆ ಆ ಲೋಕದಲ್ಲಿ ಎದ್ದು ಕಾಣುವ ರಾಣಿ ಕ್ರಿಸಾಲಿಸ್, ಅವಳು ಖಳನಾಯಕಿಯೇ. ಮದುವೆಯಾಗಿ, ರಾಜ್ಯ ಆಳಿ, ಮಗು ಹೆತ್ತ ಮೇಲೂ ಕೇಡೆನ್ಸ್ ‘ರಾಜಕುಮಾರಿ’ಯಾಗಿಯೇ ಉಳಿದದ್ದಕ್ಕೆ ಇದೇ ಹಿನ್ನೆಲೆ. ಆಳುವವಳ ಭಾರ ಅವಳ ಮಾತಿನಲ್ಲಿ ಬಾರದೆ ಇರಲಿಕ್ಕೆ ಈ ಹೆಸರೂ ಸ್ವಲ್ಪ ಕಾರಣ ಅಂತ ನನ್ನ ಅಂದಾಜು.

ಕವಚ ಹಿಡಿದು ಸುಸ್ತಾದದ್ದಕ್ಕೆ ಒಂದು ಸೇರಿಸ್ತೇನೆ. ಆ ರಾಜ್ಯವನ್ನು ಕಾಯುವ ಹರಳು ಕ್ರಿಸ್ಟಲ್ ಹಾರ್ಟ್ ಹುಡುಕಿದ್ದು ಟ್ವೈಲೈಟ್, ಹೊತ್ತು ತಂದದ್ದು ಅವಳ ಜೊತೆಗಿರುವ ಡ್ರ್ಯಾಗನ್ ಮರಿ ಸ್ಪೈಕ್. ಸ್ಪೈಕ್ ಬೀಳುವಾಗ ಟ್ವೈಲೈಟಿನ ಅಣ್ಣ ಶೈನಿಂಗ್ ಆರ್ಮರ್ ಹೆಂಡತಿ ಕೇಡೆನ್ಸ್‌ಳನ್ನು ಎತ್ತಿ ಗಾಳಿಗೆ ಎಸೀತಾನೆ, ಅವಳು ಹಾರಿ ಸ್ಪೈಕ್‌ನನ್ನೂ ಹಾರ್ಟನ್ನೂ ಹಿಡೀತಾಳೆ. ನೋಡಲಿಕ್ಕೆ ಬಹಳ ಚಂದ. ಆದರೆ ಅಲ್ಲಿಯೂ ಎಸೆದವನು ಬೇರೆ.

ಮಧೂರಿನವಳು:

ಪೆರ್ಲದವರು ಹೇಳಿದ್ದರಲ್ಲಿ ಹೆಚ್ಚಿನದು ಒಪ್ಪುವಂಥದ್ದು. ಆದರೆ ಅವಳಿಗೆ ಉದ್ದೇಶವೇ ಇಲ್ಲ ಎಂಬ ಅರ್ಥ ಬಾರದಿರಲಿ. ಅವಳು ಟ್ವೈಲೈಟಿನ ಮನೆಯವಳು, ಅದೇ ಅವಳ ಕೆಲಸ. ಸೆಲೆಸ್ಟಿಯಾ ಗುರು, ಉಳಿದ ಐವರು ಗೆಳತಿಯರು. ‘ನೀನು ಸಣ್ಣವಳಿದ್ದಾಗ’ ಅಂತ ಮಾತು ಶುರು ಮಾಡಬಲ್ಲವರು ಅಣ್ಣ ಮತ್ತು ಕೇಡೆನ್ಸ್. ಗುಹೆಯಲ್ಲಿ ನಿಜವಾದವಳನ್ನು ಟ್ವೈಲೈಟ್ ಗುರುತಿಸುವುದು ಕಿರೀಟದಿಂದ ಅಲ್ಲ, ಮಂತ್ರದಿಂದಲೂ ಅಲ್ಲ. ಬಾಲ್ಯದಲ್ಲಿ ಇಬ್ಬರೂ ಕುಣಿದು ಚಪ್ಪಾಳೆ ತಟ್ಟಿ ಹೇಳುತ್ತಿದ್ದ ಶಿಶುಪದ್ಯದಿಂದ. ಕ್ರಿಸಾಲಿಸ್ ರೂಪ ಕದಿಯಬಲ್ಲಳು, ಆ ಪದ್ಯ ಕದಿಯಲಾರಳು. ಇಡೀ ಎಪಿಸೋಡಿನ ಗಂಟು ಅಲ್ಲಿ ಬಿಚ್ಚುತ್ತದೆ.

ಪಾತ್ರ ಬೆಳೆಯಬಹುದಾಗಿದ್ದ ಜಾಗಗಳು ಎರಡು ಉಂಟು, ಎರಡರಲ್ಲೂ ಬಾಗಿಲು ಅರ್ಧ ತೆರೆದು ಬಿಟ್ಟಿದ್ದಾರೆ. ಒಂದು, ನಾಲ್ಕನೇ ಸೀಸನ್ನಿನ 11ನೇ ಎಪಿಸೋಡ್. ಕಿತಾಪತಿ ಮಾಡುವ ಡಿಸ್ಕಾರ್ಡ್ ಎಂಬವನು ಕಾಯಿಲೆಯ ನಾಟಕ ಮಾಡಿ ಟ್ವೈಲೈಟ್ ಮತ್ತು ಕೇಡೆನ್ಸ್‌ಳನ್ನು ದೂರದ ಹೂವಿಗೆ ಅಟ್ಟುತ್ತಾನೆ. ದಿನ ಹಾಳಾಯ್ತು ಅಂತ ಟ್ವೈಲೈಟ್ ಬೇಜಾರು ಮಾಡಿಕೊಂಡರೆ ಕೇಡೆನ್ಸ್‌ಗೆ ಖುಷಿ, ಯಾಕೆಂದರೆ ಅವಳ ಅರಮನೆಯಲ್ಲಿ ಹೀಗೆ ಎದೆ ಡವಗುಟ್ಟುವಂಥದ್ದು ನಡೆಯುವುದೇ ಇಲ್ಲ. ಅವಳಿಗೂ ಒಂದು ಆಸೆ ಉಂಟು ಅಂತ ಗೊತ್ತಾಗುವ ಕ್ಷಣ ಅದು. ಮುಂದೆ ಯಾರೂ ಆ ಎಳೆ ಹಿಡಿದು ಹೋಗಲಿಲ್ಲ.

ಎರಡನೆಯದು ಆರನೇ ಸೀಸನ್ನಿನ 16ನೇದು, ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಥೋರಾಕ್ಸ್ ಎಂಬ ಒಳ್ಳೆಯ ಚೇಂಜ್‌ಲಿಂಗ್ ಕ್ರಿಸ್ಟಲ್ ಎಂಪೈರಿಗೆ ಬರ್ತಾನೆ. ಚೇಂಜ್‌ಲಿಂಗ್‌ಗಳಿಂದ ಗುಹೆಗೆ ಬಿದ್ದವಳು, ರೂಪ ಕಳಕೊಂಡವಳು, ಗಂಡನನ್ನು ಕಳಕೊಳ್ಳುವುದರಲ್ಲಿದ್ದವಳು ಕೇಡೆನ್ಸ್. ಈಗ ತೊಟ್ಟಿಲಲ್ಲಿ ಕೂಸು ಬೇರೆ. ಕ್ಷಮಿಸುವುದು ಯಾರಿಗೆ ಹೆಚ್ಚು ಕಷ್ಟ? ಅವಳಿಗೆ. ಆದರೆ ಕತೆಯನ್ನು ಕೊಟ್ಟದ್ದು ಸ್ಪೈಕ್‌ಗೆ. ಅವನ ಹಾಡು ಕೇಳಿ ಅವಳ ಮನಸ್ಸು ಕರಗ್ತದೆ, ಮುಗೀತು. ಸ್ಪೈಕ್‌ನನ್ನು ತೆಗೆಯಬೇಕು ಅಂತಲ್ಲ. ಅವಳು ಥೋರಾಕ್ಸ್‌ನ ಎದುರು ಒಬ್ಬಳೇ ನಿಲ್ಲುವ ಒಂದೂವರೆ ನಿಮಿಷ ಸಾಕಿತ್ತು.

ಅವಳು ಹುಟ್ಟಿನಿಂದ ಆಲಿಕಾರ್ನ್ (ಕೋಡೂ ರೆಕ್ಕೆಯೂ ಇರುವ ಕುದುರೆ) ಅಲ್ಲ, ಕೋಡಿಲ್ಲದ ಪೆಗಾಸಸ್ ಮಗುವಾಗಿ ಕಾಡಿನಲ್ಲಿ ಸಿಕ್ಕಿ ಹಳ್ಳಿಯವರ ಕೈಯಲ್ಲಿ ಬೆಳೆದವಳು, ಪ್ರೀತಿ ಕದಿಯುವ ಮಾಟಗಾರ್ತಿಯನ್ನು ಎದುರಿಸಿದ ಮೇಲೆ ಸೆಲೆಸ್ಟಿಯಾ ಅವಳನ್ನು ಸೊಸೆಯಾಗಿ ತಕೊಂಡದ್ದು. (ಸೊಸೆ ಅಂದರೆ ಇಲ್ಲಿ ಸೋದರ ಸಂಬಂಧದ್ದು, ಮಗನ ಹೆಂಡತಿ ಅಲ್ಲ.) ಇಷ್ಟು ಒಳ್ಳೆಯ ಹಿನ್ನೆಲೆ 2013ರ ಒಂದು ಮಕ್ಕಳ ಪುಸ್ತಕದಲ್ಲಿ ಉಂಟು. ಟಿವಿ ಮಾತ್ರ ನೋಡುವ ಮಗುವಿಗೆ ಅದು ತಲುಪುವುದೇ ಇಲ್ಲ. ನಿಮ್ಮ ನಾಟಕಕ್ಕೆ ಇದರಿಂದ ಒಂದು ವಿಷಯ: ರಾಣಿಯ ಹಿನ್ನೆಲೆ ನಿಮ್ಮ ನೋಟ್ ಪುಸ್ತಕದಲ್ಲಿ ಎಷ್ಟೇ ಇರಲಿ, ರಂಗದ ಮೇಲೆ ಅವಳು ಅದರಿಂದಾಗಿ ಒಂದು ಕೆಲಸ ಮಾಡದಿದ್ದರೆ ಲೆಕ್ಕಕ್ಕಿಲ್ಲ.

ಕುಂಬಳೆಕೋಟೆ:

ಎಲ್ಲರಿಗೂ ಧನ್ಯವಾದ. ‘ಬೇರೆಯವರು ಸರಿಸಿದ್ದು’ ಎಂಬ ಮಾತು ನಮ್ಮ ಕರಡಿಗೆ ನೇರ ತಾಗ್ತದೆ. ಈಗ ಇರುವುದು ಹೀಗೆ: ಊರಿನ ಸುತ್ತ ರಾಣಿ ಮಂತ್ರದ ಬೇಲಿ ಹಾಕಿದ್ದಾಳೆ, ಹೊರಗೆ ಮಂಜಿನ ರಾಕ್ಷಸ. 8ನೇ ನಿಮಿಷಕ್ಕೆ ರಾಕ್ಷಸ ಶಾಪ ಹಾಕ್ತಾನೆ, ರಾಣಿ ಮೂರ್ಛೆ ಹೋಗ್ತಾಳೆ, ಮೂವರು ಮಕ್ಕಳು ದೀಪ ತರಲಿಕ್ಕೆ ಹೊರಡ್ತಾರೆ, 23ನೇ ನಿಮಿಷಕ್ಕೆ ಅವಳಿಗೆ ಎಚ್ಚರ. ನಡುವಿನ 15 ನಿಮಿಷ ಆ ಮಗು ರಂಗದಲ್ಲಿ ಮಲಗಿಯೇ ಇರಬೇಕು. ಏನು ಬದಲಿಸಬಹುದು? ಮೈಕ್ ಎರಡೇ ಇರೋದು, ಪರದೆ ಎಳೆಯುವ ವ್ಯವಸ್ಥೆ ಇಲ್ಲ.

ಪೆರ್ಲಪದವು:

ಮೂರ್ಛೆ ತೆಗೆಯಿರಿ. ಬೇಲಿಯನ್ನು ಯಕ್ಷಗಾನ ಆಟದಲ್ಲಿ ಕೈಯಲ್ಲಿ ಹಿಡಿಯುವ ತೆರೆ ಮಾಡಿ. ಎರಡೂವರೆ ಮೀಟರಿನ ಬಿಳಿ ಬಟ್ಟೆ, ಒಂದು ತುದಿ ರಾಣಿಯ ಕೈಯಲ್ಲಿ, ಇನ್ನೊಂದು ತುದಿ ಕಾವಲುಗಾರನ ಕೈಯಲ್ಲಿ, ಹಿಂದೆ ರಾಕ್ಷಸ. ಒಡ್ಡೋಲಗದಲ್ಲಿ, ಅಂದರೆ ವೇಷದ ಮೊದಲ ಪ್ರವೇಶದಲ್ಲಿ, ತೆರೆ ಹಿಡಿದದ್ದನ್ನು ಕಂಡ ಮಕ್ಕಳು ನಮ್ಮ ಕಡೆ ಬೇಕಾದಷ್ಟು, ಹಿಂದೆ ಯಾರೋ ಇದ್ದಾರೆ ಅಂತ ಹೇಳಿಕೊಡಬೇಕಾಗಿಲ್ಲ. ಕೈ ಬಿಟ್ಟರೆ ರಾಕ್ಷಸ ಒಳಗೆ. ಈಗ ಅವಳು ಕದಲಲಾರಳು, ಹಾಗಾಗಿ ಮಕ್ಕಳು ಹೋಗಲೇಬೇಕು. ಶಾಪದ ಅಗತ್ಯವೇ ಬರುವುದಿಲ್ಲ, ನಿಂತದ್ದು ಅವಳ ತೀರ್ಮಾನ.

ಕ್ರಿಸ್ಟಲ್ ಎಂಪೈರಿನಲ್ಲಿಯೂ ಪರಿಸ್ಥಿತಿ ಇದುವೇ ಇತ್ತು. ಕವಚ ಹಿಡೀಬೇಕಾ, ಕೋಡಿಗೆ ಕಪ್ಪು ಹರಳು ಕೂತ ಗಂಡನನ್ನು ನೋಡಬೇಕಾ ಅಂತ ಅವಳನ್ನು ಯಾರೂ ಕೇಳಲಿಲ್ಲ. ನೀವು ಕೇಳಿ. ದೀಪಕ್ಕೆ ಹೊರಟ ಮೂವರಲ್ಲಿ ಒಬ್ಬಳು ರಾಣಿಯ ಮಗಳಾಗಲಿ. ಸುಮಾರು 16ನೇ ನಿಮಿಷಕ್ಕೆ ತೆರೆಯ ಆಚೆಯಿಂದ ಮಗಳ ದನಿ ಬರಲಿ: ಅಮ್ಮಾ, ತೆರೆ ತೆಗೆ, ನಾನು ಬಂದೆ. ಅದು ಮಗಳಾ, ರಾಕ್ಷಸನ ಮಾಯೆಯಾ? ಇಲ್ಲಿ ಮಾಯೆಯ ಗುಟ್ಟನ್ನು ಸಭೆಗೆ ಮೊದಲೇ ತೋರಿಸಿಬಿಡಿ, ರಾಕ್ಷಸ ಎದುರಿಗೆ ಬಂದು ಗಂಟಲು ಸರಿಮಾಡಿಕೊಂಡು ಆ ದನಿ ತೆಗೆಯಲಿ. ಆಗ ಮಕ್ಕಳೆಲ್ಲ ಕೆಳಗಿನಿಂದ ‘ಬಿಡಬೇಡಿ’ ಅಂತ ಕೂಗ್ತಾರೆ. ಮಧೂರಿನವರು ಹೇಳಿದ ಶಿಶುಪದ್ಯದ ಉಪಾಯ ಇಲ್ಲಿಗೆ ಸರಿಯಾಗಿ ಕೂರ್ತದೆ, ಆದರೆ ಪದ್ಯ ನಿಮ್ಮದೇ ಇರಲಿ, ಮೊದಲ 3 ನಿಮಿಷದೊಳಗೆ ತಾಯಿ ಮಗಳು ಅದನ್ನು ಒಮ್ಮೆ ಆಡಿರಲಿ. ಮೊದಲು ಬಿತ್ತದಿದ್ದರೆ 16ನೇ ನಿಮಿಷದಲ್ಲಿ ಅದು ಆಕಾಶದಿಂದ ಬಿದ್ದ ಹಾಗೆ ಕಾಣ್ತದೆ.

ಎಡವುವುದು ಮೂರು ಕಡೆ. ಬಟ್ಟೆ ಎತ್ತಿ ಹಿಡಿದ ಮಕ್ಕಳ ಕೈ ಬೇಗ ಸೋಲ್ತದೆ, ಹಾಗಾಗಿ ಎದೆಯ ಮಟ್ಟಕ್ಕೆ ಹಿಡಿಸಿ, ತುದಿಗೆ ಬಿದಿರಿನ ಕೋಲು ಹೊಲಿದು ನೆಲಕ್ಕೆ ಊರಿಸಿ. ತೆರೆ ಓರೆಯಾಗಿರಲಿ, ನೇರ ಹಿಡಿದರೆ ರಾಣಿಯ ಮುಖ ಒಂದು ಬದಿಯವರಿಗೆ ಕಾಣುವುದಿಲ್ಲ. ಇದ್ದ ಎರಡು ಮೈಕಿನಲ್ಲಿ ಒಂದನ್ನು ಅವಳ ಹತ್ತಿರ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅವಳು ಹೇಗೂ ಕದಲುವುದಿಲ್ಲ. ಇನ್ನೊಂದು ಮಕ್ಕಳಿಗೆ.

ಮಧೂರಿನವಳು:

ಚಂದ ಆಯ್ತು ಇದು. ಮಾತಿನ ಬಗ್ಗೆ ಒಂದು: ‘ಪ್ರೀತಿಯೇ ನನ್ನ ಶಕ್ತಿ’ ಥರದ ಸಾಲು ಇದ್ದರೆ ಅಡ್ಡಗೆರೆ ಎಳೀರಿ. ‘ಕೈ ನೋಯ್ತದೆ, ಬಿಡುವುದಿಲ್ಲ’ ಅಂತ ಹೇಳಲಿ. 8-10 ಪದಕ್ಕಿಂತ ಉದ್ದದ ಸಾಲು 6ನೇ ಕ್ಲಾಸಿನ ಮಗುವಿಗೆ ಉಸಿರಿನಲ್ಲಿ ನಿಲ್ಲುವುದಿಲ್ಲ, ಕೊನೆಯ ಪದ ನುಂಗಿಹೋಗ್ತದೆ. ಕೊನೆಗೆ ಮಗಳು ನಿಜವಾಗಿ ದೀಪ ಹಿಡಿದು ಬಂದಾಗ ತೆರೆ ಇಳಿಸುವುದು ಕಾವಲುಗಾರ ಅಲ್ಲ, ರಾಣಿಯೇ ಇಳಿಸಲಿ. ಪದ್ಯದ ಎರಡನೇ ಸಾಲನ್ನು ಮಗಳು ಹೇಳಿದ ಮೇಲೆ ಇಳಿಸಲಿ, ಅದಕ್ಕೆ ಮೊದಲು ಬೇಡ.

ಕುಂಬಳೆಕೋಟೆ:

ಬಿದಿರಿನ ಕೋಲು ಮತ್ತು ಶಿಶುಪದ್ಯ ಎರಡೂ ಹಾಕ್ತೇವೆ. 8ನೇ ನಿಮಿಷದಿಂದ ತಿದ್ದಿ ಬರೆದ ಭಾಗ ಭಾನುವಾರದೊಳಗೆ ಇಲ್ಲೇ ಹಾಕ್ತೇನೆ, ರಾಣಿಯ ಮಾತು ಮಾತ್ರ ದಯವಿಟ್ಟು ಒಂದೊಂದಾಗಿ ನೋಡಿ ಹೇಳಿ.