ಸಹಾಯ ಬೇಕು: ಅಡ್ಡಗಾಳಿಗೆ ಪೆಲೆಟ್ ಮೇಲಕ್ಕೂ ಕೆಳಕ್ಕೂ ಹೋಗುತ್ತಿದೆ

ನನ್ನದು .177 (ನಳಿಕೆಯ ಅಳತೆ, ಇಂಚಿನಲ್ಲಿ) ಏರ್ ರೈಫಲ್, 8.4 ಗ್ರೇನ್ ತೂಕದ ಪೆಲೆಟ್ (ಸೀಸದ ಸಣ್ಣ ಗುಂಡು). 25 ಮೀಟರಿಗೆ ಝೀರೋ ಮಾಡಿದ್ದೇನೆ, ಅಂದರೆ ಆ ದೂರಕ್ಕೆ ಗುರಿ ಇಟ್ಟಲ್ಲೇ ಬೀಳುವಂತೆ ಸ್ಕೋಪು ಹೊಂದಿಸಿದ್ದೇನೆ. 50 ಮೀಟರಿಗೆ ಸುಮಾರು 10 ಸೆಂ.ಮೀ. ಕೆಳಗೆ ಬೀಳುತ್ತಿತ್ತು. ಕಾಲು ಎಂಒಎ ಸ್ಕೋಪು (ಒಂದು ಕ್ಲಿಕ್ ತಿರುಗಿಸಿದರೆ ಗುರಿ ಕಾಲು ಎಂಒಎ ಸರಿಯುತ್ತದೆ; ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ), 28 ಕ್ಲಿಕ್ ಏರಿಸಿದೆ. ಗಾಳಿಯಿಲ್ಲದ ಬೆಳಿಗ್ಗೆ ಸರಿಯಾಗಿ ಕೂರುತ್ತದೆ.

ತಲೆನೋವು ಶುರುವಾಗುವುದು ಹತ್ತು ಗಂಟೆ ಮೇಲೆ. ಬಲಗಡೆಯಿಂದ ಗಾಳಿ ಬೀಸಿದರೆ ಪೆಲೆಟ್ ಎಡಕ್ಕೆ ಹೋಗುತ್ತದೆ, ಅದು ಸರಿ. ಆದರೆ ಜೊತೆಗೆ ಸ್ವಲ್ಪ ಮೇಲಕ್ಕೂ ಏರುತ್ತದೆ! ಎಡಗಾಳಿಗೆ ಉಲ್ಟಾ: ಬಲಕ್ಕೆ, ಕೆಳಕ್ಕೆ. ಮೂರು ಕಡೆ ಉಲ್ಲನ್ ದಾರ ಕಟ್ಟಿ ಗಾಳಿ ನೋಡಿದೆ. ಮರಳುಚೀಲದ ಮೇಲಿಟ್ಟು ಹೊಡೆದೆ. ಸ್ಕೋಪ್ ವಾಲಿದೆಯಾ ಅಂತ ತೂಗುಗುಂಡು ಬಿಟ್ಟೂ ನೋಡಿದೆ, ವಾಲಿಲ್ಲ. ಪೆಲೆಟ್ ಬುಗುರಿಯಂತೆ ತನ್ನ ಸುತ್ತಲೇ ಬಲಕ್ಕೆ ತಿರುಗುತ್ತಾ ಹೋಗುವುದರಿಂದ ಹೀಗಾಗುತ್ತದೆ ಅಂತಾನೆ ಗೆಳೆಯ.

ಇಂಥ ಗಾಳಿಗೆ ನೀವು ಎಲಿವೇಶನ್ (ಮೇಲೆ-ಕೆಳಗಿನ) ಕ್ಲಿಕ್ಕನ್ನೂ ಬದಲಿಸುತ್ತೀರಾ, ಅಥವಾ ಕ್ಲಿಕ್ ಮುಟ್ಟದೆ ಓರೆಯಾಗಿ ಗುರಿ ಹಿಡಿಯುತ್ತೀರಾ?